ಕಲ್ಲುಮುಖದ ಆಟ

ಬೆಳಗಿನ ತಿಂಡಿಯ ಹೊತ್ತಿಗೆ ಆ ಮನೆಯಲ್ಲಿ ಒಂದು ಆಟ ನಡೆಯುತ್ತಿತ್ತು. ಅಪ್ಪ ಮಗಳು ಎದುರುಬದುರು ಕೂತು ಒಬ್ಬರ ಮುಖ ಒಬ್ಬರು ದಿಟ್ಟಿಸಬೇಕು. ಅಪ್ಪ ಮಗಳ ಹಾಲಿಗೆ ಉಪ್ಪು ಹಾಕುತ್ತಿದ್ದ, ಹಠಾತ್ತನೆ ಮೇಜು ಗುದ್ದುತ್ತಿದ್ದ, ಮೂಗಿನ ತುದಿಗೆ ಬೆಣ್ಣೆ ಹಚ್ಚಿಕೊಳ್ಳುತ್ತಿದ್ದ. ಯಾರ ಮುಖದ ಗೆರೆ ಮೊದಲು ಅಲುಗುತ್ತದೋ ಅವರು ಸೋತಂತೆ. ಏಳು ವರ್ಷದ ಮಗಳು ಈಚೆಗೆ ಸೋಲುವುದನ್ನೇ ಬಿಟ್ಟಿದ್ದಳು. ಉಪ್ಪು ಹಾಲನ್ನು ಗಟಗಟನೆ ಕುಡಿದು ಲೋಟ ಕೆಳಗಿಡುತ್ತಿದ್ದಳು.

ಅಮ್ಮನಿಗೆ ಹೆಮ್ಮೆಯೇ ಆಗುತ್ತಿತ್ತು. ಅವಳ ಗಂಡ ಇಸ್ಪೀಟಿನ ಪೋಕರ್ ಆಡಿಯೇ ಸಂಸಾರ ನಡೆಸುವವನು. ಟೂರ್ನಿಗಳಲ್ಲಿ ಗೆದ್ದ ಕಪ್‌ಗಳಿಗೆ ಶೋಕೇಸ್ ಸಾಲದಾಗಿತ್ತು; ನೆಂಟರಿಷ್ಟರೂ ಅವನನ್ನು ಚಾಂಪಿಯನ್ ಎಂದೇ ಕರೆಯುತ್ತಿದ್ದರು. ನಾದಿನಿ ಮಾತ್ರ ಬಂದಾಗಲೆಲ್ಲ ಚುಚ್ಚುವಳು: “ಅತ್ತಿಗೆ, ಮನೇಲಿ ನಾಲ್ಕು ಗೋಡೆ ಸಾಲದು ಅಂತ ಇನ್ನೂ ಮೂರು ಕಟ್ಟಿಸಿದ್ದೀರಲ್ಲ.”

ಮೂರನೆಯ ಗೋಡೆ ಅಮ್ಮನೇ. ಕೈಯಲ್ಲಿ ಒಳ್ಳೆಯ ಎಲೆಯಿಲ್ಲದಿದ್ದರೂ ಇದೆಯೆಂದು ನಂಬಿಸುವಾಗ ಗಂಡನ ಹೆಬ್ಬೆರಳು ತೋರುಬೆರಳಿನ ಉಗುರನ್ನು ಸವರುತ್ತದೆ. ಅದು ಗೊತ್ತಿದ್ದದ್ದು ಅವಳೊಬ್ಬಳಿಗೆ. ಅವಳಿಗೆ ಏನೋ ಗೊತ್ತಿದೆಯೆಂಬ ಗುಮಾನಿ ಎದುರಾಳಿಗಳಿಗೂ ಇತ್ತು. ಹಾಗಾಗಿ ಅವರು ಅವನ ಮುಖ ಬಿಟ್ಟು ಪ್ರೇಕ್ಷಕರ ಸಾಲಿನಲ್ಲಿದ್ದ ಅವಳ ಮುಖ ಓದಲು ನೋಡುತ್ತಿದ್ದರು. ಹಾಗಿದ್ದರೆ ತಾನು ಬರುವುದೇ ಬೇಡ ಎಂದು ಅವಳು ಒಮ್ಮೆ ಅಂದಿದ್ದಳು.

“ಬರಬೇಕು. ನೀನೂ ಮಗಳೂ ಕಲ್ಲಿನ ಹಾಗೆ ಕೂತ್ರೆ ಅವರಿಗೇ ದಿಗಿಲು. ಮುಖ ಅನ್ನೋದು ಬಾಗಿಲಿದ್ದ ಹಾಗೆ ಕಣೇ, ತೆರೆದಿಟ್ರೆ ಯಾರು ಬೇಕಾದ್ರೂ ನುಗ್ತಾರೆ. ನಾಳೆ ಮಗಳಿಗೂ ಇದು ಬೇಕಾಗತ್ತೆ,” ಎಂದಿದ್ದ ಅವನು. ಅವನು ಕೆಟ್ಟವನಾಗಿರಲಿಲ್ಲ. ತನಗೆ ಅನ್ನ ಕೊಟ್ಟ ವಿದ್ಯೆಯನ್ನೇ ಮಗಳಿಗೂ ಕೊಡುತ್ತಿದ್ದ.

ಆ ವರ್ಷದ ದೊಡ್ಡ ಟೂರ್ನಿಯಲ್ಲಿ ಕೊನೆಗೆ ಉಳಿದವರು ಇಬ್ಬರು: ಅವನು, ಮತ್ತು ಒಬ್ಬ ಕನ್ನಡಕದವನು. ಅಮ್ಮ ಮಗಳು ಪ್ರೇಕ್ಷಕರ ಮುಂದಿನ ಸಾಲಿನಲ್ಲಿ ಅಕ್ಕಪಕ್ಕ ಕೂತಿದ್ದರು. ವಿರಾಮ ಮುಗಿದು ಜನ ಗಡಿಬಿಡಿಯಲ್ಲಿ ಕೂರುವಾಗ ಪಕ್ಕದಲ್ಲೆಲ್ಲೋ ಮಡಚುವ ಕುರ್ಚಿ ಟಪ್ಪೆಂದಿತು. ಅಮ್ಮ ತಿರುಗಲಿಲ್ಲ. ಆಟ ಶುರುವಾದ ಮೇಲೆ ತಿರುಗಬಾರದು.

ಸ್ವಲ್ಪ ಹೊತ್ತಿಗೆ ಗಂಡ ತನ್ನ ಮುಂದಿದ್ದ ಪಣದ ಬಿಲ್ಲೆಗಳನ್ನೆಲ್ಲ ನಡುವಿಗೆ ತಳ್ಳಿದ. ಹೆಬ್ಬೆರಳು ಉಗುರು ಸವರಿತು. ಬರಿಗೈ. ಅವಳ ಮುಖ ಅಲುಗಲಿಲ್ಲ. ಕನ್ನಡಕದವನು ಅವಳನ್ನೇ ನೋಡುತ್ತ ಕೂತ.

ಆಗ ಮೊಣಕಾಲಿಗೆ ಏನೋ ಬೆಚ್ಚಗೆ ತಾಗಿತು. ಕಣ್ಣು ಕೆಳಗಿಳಿಸಿದಳು. ಮಗಳು ಫ್ರಾಕಿನ ಅಂಚಿನಲ್ಲಿ ಬಲಗೈ ಸುತ್ತಿಕೊಂಡಿದ್ದಳು. ಬಟ್ಟೆ ನೆನೆದು ರಕ್ತ ತೊಟ್ಟಿಕ್ಕುತ್ತಿತ್ತು. ಸರಿಸಿ ನೋಡಿದರೆ ಮಡಚುವ ಕುರ್ಚಿಯ ಸಂದಿಗೆ ಸಿಕ್ಕಿ ಎರಡು ಬೆರಳ ತುದಿ ಅಪ್ಪಚ್ಚಿಯಾಗಿದ್ದವು. ಮಗು ನೆಟ್ಟಗೆ ಕೂತು ಅಪ್ಪನನ್ನೇ ನೋಡುತ್ತಿತ್ತು, ತಣ್ಣಗೆ.

“ಅಮ್ಮಾ, ಮುಖ,” ಎಂದು ಪಿಸುಗುಟ್ಟಿತು. “ಅವರು ನೋಡ್ತಿದಾರೆ.”

ಅವಳ ಬಾಯಿಂದ ಹೊರಟ ಚೀತ್ಕಾರಕ್ಕೆ ಇಡೀ ಸಭಾಂಗಣ ತಿರುಗಿತು. ಕನ್ನಡಕದವನು ಅದನ್ನು ಎದುರಾಳಿಯದು ಬರಿಗೈಯೆಂದೇ ಓದಿಕೊಂಡು ತನ್ನ ಬಿಲ್ಲೆಗಳನ್ನೂ ತಳ್ಳಿದ. ಏನಾಯಿತೆಂದು ನೋಡಲು ಅವಳು ಅಲ್ಲಿರಲಿಲ್ಲ, ಮಗುವನ್ನೆತ್ತಿಕೊಂಡು ಓಡುತ್ತಿದ್ದಳು.

ದೊಡ್ಡವರಾದರೂ ಮೂರ್ಛೆ ಹೋಗುವಂಥ ನೋವು, ಈ ಮಗು ತುಟಿ ಬಿಚ್ಚಿಲ್ಲವಲ್ಲ ಎಂದು ಆಸ್ಪತ್ರೆಯ ವೈದ್ಯೆ ಹೊಲಿಗೆ ಹಾಕುತ್ತ ಮತ್ತೆ ಮತ್ತೆ ಅಂದಳು. ಅವಳ ದನಿಯಲ್ಲಿ ಮೆಚ್ಚುಗೆಯಿರಲಿಲ್ಲ.

ಅಷ್ಟರಲ್ಲಿ ಗಂಡ ಬಂದ. ಸೋತು ಬಂದಿದ್ದ. ಬ್ಯಾಂಡೇಜಿನ ಕೈ ನೋಡಿ ಮಂಚದ ಪಕ್ಕ ನಿಂತುಬಿಟ್ಟ.

“ನಾನು ಅಲುಗಲಿಲ್ಲಪ್ಪ,” ಎಂದಳು ಮಗಳು. “ಅಮ್ಮನೇ ಅಲುಗಿದ್ದು.”

ಅವನ ಮುಖ ಎಂದಿನಂತೆ ಕಲ್ಲಾಗಿತ್ತು. ಅಮ್ಮ ಅವನ ಕೈ ನೋಡಿದಳು. ಹೆಬ್ಬೆರಳು ಉಗುರನ್ನು ಸವರುತ್ತಲೇ ಇತ್ತು. ಅವಳು ಆ ಹೆಬ್ಬೆರಳನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡಳು.

“ಸಾಕು,” ಎಂದಳು.

ಅವನ ಗದ್ದ ನಡುಗಿತು. ಆಮೇಲೆ ಮುಖವೆಲ್ಲ ಕುಸಿದು, ಹದಿನಾರು ವರ್ಷದ ಸಂಸಾರದಲ್ಲಿ ಅವಳು ಎಂದೂ ಕಂಡಿರದ ಹಾಗೆ ಅತ್ತ. ಮಗಳು ಬೆರಗಾಗಿ ನೋಡಿದಳು. ಯಾರು ಸೋತರೆಂದು ಯಾರಾದರೂ ಹೇಳುತ್ತಾರೇನೋ ಎಂದು ಕಾದಳು. ಯಾರೂ ಹೇಳಲಿಲ್ಲ. ಮೆಲ್ಲಗೆ ಅವಳ ಕೆಳತುಟಿ ಸೊಟ್ಟಗಾಯಿತು.

“ನೋಯ್ತಿದೆ,” ಎಂದಳು. ಅದರ ಹಿಂದೆಯೇ ಎದ್ದ ಅಳುವಿಗೆ ನರ್ಸ್ ಓಡಿಬಂದು, ಪಕ್ಕದಲ್ಲಿ ರೋಗಿಗಳಿದ್ದಾರೆ, ಸ್ವಲ್ಪ ಸುಮ್ಮನಿರಿಸಿ ಎಂದಳು.

“ಅಳಲಿ ಬಿಡಿ,” ಎಂದಳು ಅಮ್ಮ. ಎದ್ದುಹೋಗಿ, ಕೋಣೆಯ ಬಾಗಿಲನ್ನಷ್ಟೇ ಮುಂದಕ್ಕೆಳೆದು ಬಂದಳು.