ಫಿಲ್ಟರಿನ ಎರಡನೇ ರಿಂಗು

"ತಲೆ ಹಿಡ್ಕಳ್ರಪ್ಪ, ವಾಲ್ತೈತೆ!"

ಅಯ್ಯನವರು ಕೂಗಿದಾಗ ಗುಂಡಿಯೊಳಗಿದ್ದ ಹಾಲೇಶ್ ತನ್ನ ಅಣ್ಣ ಮರುಳಸಿದ್ದಪ್ಪನ ಕತ್ತನ್ನು ಎರಡೂ ಕೈಯಲ್ಲಿ ಹಿಡಿದು ಹೆಣವನ್ನು ನೆಟ್ಟಗೆ ಕೂರಿಸಿದ. ಅಣ್ಣನ ಉಗುರುಗಳಲ್ಲಿ ಗ್ರೀಸ್ ಇನ್ನೂ ಕಪ್ಪಗಿತ್ತು. ಹಿಂದೂಪುರದಲ್ಲಿ ಮೂರು ಲಿಫ್ಟಿನ ಗ್ಯಾರೇಜು ನಡೆಸುವ ಹಾಲೇಶನ ಉಗುರು ಮಾತ್ರ ಈಗ ಮದುಮಗನದಷ್ಟು ಸ್ವಚ್ಛ.

ಆಡುವ ಬಾಯಿಗೆ ಬೀಗ ಹಾಕುವವರು ಯಾರು? ಟೈರ್ ಅಂಗಡಿಯ ಓಬಳಪ್ಪ ಮೇಲೆ ನಿಂತೇ ಶುರು ಮಾಡಿದ. "ಒಳ್ಳೆ ಕೈ ಕಣಪ್ಪ. ಆದ್ರೆ ಆ ಸಾವ್ಕಾರ್ ಸುರೇಂದ್ರಪ್ಪನ ಕಾರಿನ ಇಂಜಿನ್ ಸುಟ್ಟಾಕ್ಬುಟ್ಟ. ಅದ್ಕೇ ಹಿಂದೂಪುರ ಬುಟ್ಟು ನಮ್ ಕಲ್ಯಾಣದುರ್ಗಕ್ಕೆ ಬಂದು ಆಟೋ ರಿಪೇರಿ ಮಾಡ್ಕಂಡಿದ್ದ."

ಬೆಳಿಗ್ಗೆ ಅತ್ತಿಗೆ ಕರಿಬಸಮ್ಮ ಅಂಗಲಾಚಿದ್ದಳು. "ಇವತ್ತಾದ್ರೂ ಬಾಯಿ ಬುಡು ಹಾಲೇಶಪ್ಪ. ನಾನಂದ್ರೆ ನಂಬೋರ್ಯಾರು? ತ್ರಿವೇಣಿ ಅವರಪ್ಪನ ಶೆಡ್ ನಡೆಸ್ತೀನಿ ಅಂತಾಳೆ. ಇಂಜಿನ್ ಸುಟ್ಟೋನ ಮಗ್ಳು ಅಂದ್ರೆ ಯಾರು ಗಾಡಿ ತತ್ತಾರೆ?"

"ಹೇಳ್ತೀನಿ ಅತ್ಗೆಮ್ಮ," ಎಂದಿದ್ದ. ಹೇಳಬೇಕೆಂದೇ ಬಂದಿದ್ದ.

*

ಒಂಬತ್ತು ವರ್ಷದ ಹಿಂದೆ ಸುರೇಂದ್ರ ತನ್ನ ಆರು ಸಿಲಿಂಡರಿನ ಹೊಸ ಕಾರನ್ನು ಕೊಡಿಕೊಂಡದಿಂದ ಪೆನುಕೊಂಡದ ಕಡೆ ನೂರೈವತ್ತರಲ್ಲಿ ಬಿಟ್ಟಿದ್ದ. ಆಯಿಲ್ ದೀಪ ಕೆಂಪಗೆ ಹತ್ತಿತು. ಅವನು ನಿಲ್ಲಿಸಲಿಲ್ಲ. ಸ್ವಲ್ಪ ದೂರದಲ್ಲಿ ಇಂಜಿನ್ನೇ ಕಚ್ಚಿಕೊಂಡು ನಿಂತಿತು.

ಕಾರನ್ನು ಆಗ ಅಣ್ಣತಮ್ಮ ಇಬ್ಬರೂ ಕೆಲಸ ಮಾಡುತ್ತಿದ್ದ ಹಿಂದೂಪುರದ ಶೆಡ್ಡಿಗೆ ಎಳೆದು ತಂದಾಗ ಮರುಳಸಿದ್ದಪ್ಪ ಆಯಿಲ್ ಪಂಪಿನ ತಂಟೆಗೆ ಹೋಗಲಿಲ್ಲ. ಕೆಳಗೆ ತೂರಿ ಮೊದಲು ಆಯಿಲ್ ಫಿಲ್ಟರ್ ಬಿಚ್ಚಿದ. ಹಳೇ ಫಿಲ್ಟರಿನ ರಬ್ಬರ್ ರಿಂಗು ಇಂಜಿನ್ನಿಗೇ ಅಂಟಿಕೊಂಡಿತ್ತು. ಅದರ ಮೇಲೇ ಹೊಸ ಫಿಲ್ಟರನ್ನು ಅದರ ರಿಂಗಿನ ಸಮೇತ ಕೂರಿಸಿದ್ದರು. ನಿಧಾನಕ್ಕೆ ಓಡಿಸಿದರೆ ಹೇಗೋ ತಡೆಯುತ್ತದೆ. ಪ್ರೆಷರ್ ಏರಿದರೆ ರಿಂಗು ಜಾರಿ ಆಯಿಲೆಲ್ಲ ರಸ್ತೆಪಾಲು. ಹೊಸದು ಹಾಕುವ ಮುಂಚೆ ಬೆರಳಾಡಿಸಿ ನೋಡು ಎಂದು ಅಣ್ಣ ನೂರು ಸಲ ಹೇಳಿದ್ದ. ಆಯಿಲ್ ಬದಲಿಸಿದ ದಿನ ಹಾಲೇಶ್ ಫೋನಿನಲ್ಲಿ ಹರಟುತ್ತಲೇ ಹೊಸ ಫಿಲ್ಟರ್ ತಿರುಗಿಸಿ ಎದ್ದಿದ್ದ.

"ಯಾವನಯ್ಯಾ ಹಾಕಿದ್ದು?" ಸುರೇಂದ್ರ ಗುಡುಗಿದ.

ಅಣ್ಣ ತಮ್ಮನ ಮುಖ ನೋಡಿದ. ತಮ್ಮ ನೆಲ ನೋಡಿದ.

"ನಾನೇ ಸಾರ್," ಎಂದ ಅಣ್ಣ. ಆಮೇಲೆ ಸಾಯುವ ತನಕ ತಮ್ಮನೊಡನೆ ಅವನು ಒಂದು ಮಾತೂ ಆಡಲಿಲ್ಲ.

*

ವಿಭೂತಿ, ಪತ್ರೆ ಎಲ್ಲ ಇಟ್ಟಾಯಿತು. ಹಾಲೇಶ್ ಮೇಲೆ ಹತ್ತಿ ಗುಂಡಿಯ ಅಂಚಿನಲ್ಲಿ ಹಿಡಿ ಮಣ್ಣು ತೆಗೆದುಕೊಂಡ. ಅಷ್ಟರಲ್ಲಿ ಸುರೇಂದ್ರ ಹಾರ ಹಿಡಿದು ಬಂದ.

"ಪೋನೀಲೇ, ಹೋಗ್ಲಿ ಬುಡು ಸಿದ್ದಪ್ಪಾ," ಎಂದ ಗುಂಡಿಯೊಳಗಿನ ಹೆಣಕ್ಕೆ, ಎಲ್ಲರಿಗೂ ಕೇಳುವಂತೆ. "ಆ ಇಂಜಿನ್ ವಿಷ್ಯ ನಾನು ಯಾವತ್ತೋ ಕ್ಷಮಿಸ್ಬುಟ್ಟೆ."

ಕರಿಬಸಮ್ಮ, ತ್ರಿವೇಣಿ ಇಬ್ಬರೂ ಹಾಲೇಶನ ಬಾಯನ್ನೇ ನೋಡುತ್ತಿದ್ದರು. ಸುರೇಂದ್ರನ ಮನೆಯ ನಾಲ್ಕು ಕಾರೂ ಈಗ ಹಾಲೇಶನ ಗ್ಯಾರೇಜಿಗೇ ಬರುತ್ತವೆ. ಥೂ ಹೇಡಿ, ಎಂದು ಹಾಲೇಶ್ ತನ್ನನ್ನೇ ಒಳಗೇ ಬೈದುಕೊಂಡ.

"ನಿಮ್ದು ದೊಡ್ಡ ಮನ್ಸು ಸಾರ್," ಎಂದು, ಮೊದಲ ಹಿಡಿ ಮಣ್ಣು ಹಾಕಿದ.

ತ್ರಿವೇಣಿ ದುಪ್ಪಟ್ಟ ಸೊಂಟಕ್ಕೆ ಬಿಗಿದು ಗುಂಡಿಗೆ ಇಳಿದಳು.

"ಏಯ್, ಹೆಣ್ಮಗು ಇಳೀಬಾರ್ದು ಕಣಮ್ಮ!" ಅಯ್ಯನವರು ಕೂಗಿದರು.

ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಅಪ್ಪನ ತೊಡೆಯ ಮೇಲೆ ಬಿದ್ದಿದ್ದ ಆ ಒಂದು ಹಿಡಿ ಮಣ್ಣನ್ನು ಬಿಳಿ ವಿಭೂತಿಯ ನಡುವಿನಿಂದ ಹೆಂಟೆ ಹೆಂಟೆಯಾಗಿ ಆರಿಸಿ, ಅಂಚಿನಲ್ಲಿ ನಿಂತಿದ್ದ ಚಿಕ್ಕಪ್ಪನ ಪಾದಗಳ ಮೇಲೆ ಹಾಕತೊಡಗಿದಳು.