ಬುಧವಾರದ ಬಸ್ಸು

ಅಂಗಡಿ ಯಜಮಾನ ದೊನ್ ಕ್ರಿಸ್ಪಿನ್ ಎರಡೂ ಕೈಯಲ್ಲಿ ಹಿಡಿದು ತಂದ ಹೂವಿನ ಚಕ್ರವನ್ನು ಸುನಿಲ್ದಾ ಕಿತ್ತುಕೊಂಡು, ಅಂಗಳ ದಾಟಿ, ಬೇಲಿಯಾಚೆ ರಸ್ತೆಬದಿಯ ಹುಲ್ಲಿನ ಮೇಲೆ ಇಟ್ಟು ಬಂದಳು. ಎಸೆದಳು ಎನ್ನುವಂತಿರಲಿಲ್ಲ, ಇಟ್ಟಳು. ಎಸೆದಿದ್ದರೇ ವಾಸಿಯಿತ್ತು.

“ಇಲ್ಲಿ ಬೇಡ, ದೊನ್. ನಮ್ಮಮ್ಮ ಬದುಕಿದ್ದಾಗ ಒಂದು ಬುಧವಾರ ರಜ ಕೊಡಲಿಲ್ಲ ನೀವು. ಈಗ ಹೂ ತರ್ತೀರಾ?”

ಅಂಗಳದಲ್ಲಿ ಕಾಫಿ ಕುಡಿಯುತ್ತಿದ್ದವರು ಲೋಟ ಹಿಡಿದು ಹಾಗೇ ನಿಂತರು. ಮುಂದಿನ ಕೋಣೆಯಲ್ಲಿ ಅವಳ ತಾಯಿ ಎಲಾದಿಯಾ ಶವಪೆಟ್ಟಿಗೆಯೊಳಗೆ ಮಲಗಿದ್ದಳು. ನಿನ್ನೆ ಎಂದಿನಂತೆ ಬುಟ್ಟಿ ಖಾಲಿ ಮಾಡಿ ಮನೆಗೆ ಬಂದು, ತಲೆನೋವು ಎಂದು ಒರಗಿದವಳು ಮತ್ತೆ ಏಳಲಿಲ್ಲ. ಮುದುಕ ಹ್ಯಾಟು ತೆಗೆದು ಎದೆಗೆ ಹಿಡಿದುಕೊಂಡ.

“ಆಗ್ಲಿ ಮಗಳೇ” ಎಂದಷ್ಟೇ ಹೇಳಿ ಬೇಲಿ ಪಕ್ಕದ ಕುರ್ಚಿಯಲ್ಲಿ ಹೋಗಿ ಕೂತ.

ಯಾವ ಬುಧವಾರ ಎಂದು ಯಾರೂ ಕೇಳಲಿಲ್ಲ. ಈಸ್ಟರಿನ ಮುಂಚಿನ ಶುಭ ಶುಕ್ರವಾರ ಯಾರ ಮನೆಯಲ್ಲೂ ಒಲೆ ಹಚ್ಚುವುದಿಲ್ಲ. ಅದಕ್ಕೇ ಆ ವಾರದ ಬುಧವಾರ ಊರಿಗೆ ಊರೇ ಹಿತ್ತಲ ಮಣ್ಣೊಲೆಯ ಮುಂದೆ ಕೂತು ಚಿಪಾ ಎಂಬ ರೊಟ್ಟಿ ಬೇಯಿಸುತ್ತದೆ. ಅಜ್ಜಿಯರು ಮರಗೆಣಸಿನ ಹಿಟ್ಟಿಗೆ ಚೀಸು, ಮೊಟ್ಟೆ, ಸೋಂಪು ಹಾಕಿ ನಾದುತ್ತಾರೆ. ಮಕ್ಕಳು ಅದರಲ್ಲೇ ಪಾರಿವಾಳ, ಮೊಸಳೆ ಮಾಡಿ ಜಗಳವಾಡುತ್ತಾರೆ. ಆ ದಿನ ಮನೆಯಲ್ಲಿ ಇಲ್ಲದವರು ಒಂದೋ ದುಡಿಯಲು ಹೋಗಿ ಬ್ಯೂನಸ್ ಐರಿಸ್‌ನಲ್ಲಿರಬೇಕು, ಇಲ್ಲಾ ಜೈಲಿನಲ್ಲಿರಬೇಕು. ಎಲಾದಿಯಾ ಎರಡೂ ಕಡೆ ಇರಲಿಲ್ಲ. ಎಷ್ಟೋ ವರ್ಷಗಳಿಂದ ಆ ದಿನ ಅವಳು ದೊನ್ ಕ್ರಿಸ್ಪಿನ್‌ನ ಅಂಗಡಿಯ ಚಿಪಾ ಬುಟ್ಟಿ ಹೊತ್ತು, ಊರಿಗೆ ಹೋಗುವವರಿಂದ ತುಂಬಿ ತುಳುಕುವ ಬಸ್ಸುಗಳಲ್ಲಿ ಮಾರುತ್ತಿದ್ದಳು.

ಮಾವಿನ ಮರದ ಕೆಳಗೆ, ಅಂಗಡಿಯ ಬಿಳಿ ಏಪ್ರನ್ನಿನಲ್ಲೇ ಬಂದಿದ್ದ ಅವಳ ಜೊತೆಗಾತಿಯರು ನೆಲ ನೋಡುತ್ತ ನಿಂತಿದ್ದರು. ಸ್ವಲ್ಪ ಹೊತ್ತಿನ ಮುಂಚೆ ಇದೇ ಬಾಯಿಗಳು ಎಲಾದಿಯಾಳನ್ನು ಹೊಗಳುತ್ತಿದ್ದವು. ಹೊಸ ಹುಡುಗಿಯರ ಬುಟ್ಟಿಯನ್ನು ತಾನೇ ಬಸ್ಸಿಗೆ ಹತ್ತಿಸುತ್ತಿದ್ದಳು, ಕೈಯಲ್ಲಿ ಕಾಸಿಲ್ಲದ ಮುದುಕಿಯರಿಗೆ ಬಿಸಿಯದನ್ನೇ ಹುಡುಕಿ ಕೊಡುತ್ತಿದ್ದಳು, ಡ್ರೈವರ್ ಗೋಯೊ ತೂಕಡಿಸಿದರೆ ಬಾಯಿಗೊಂದು ಚಿಪಾ ತುರುಕಿ “ಜಗಿ, ನಮ್ಮನ್ನೆಲ್ಲ ಕೊಲ್ಲಬೇಡ” ಎನ್ನುತ್ತಿದ್ದಳು ಎಂದು ಹೇಳಿ ಅತ್ತು, ನಕ್ಕಿದ್ದರು.

ಅವರಲ್ಲೊಬ್ಬಳಾದ ನಿನ್ಫಾ ಮುದುಕನ ಕಡೆ ನೋಡಿದಳು. ಅವನಾದರೂ ಹೇಳಿಬಿಟ್ಟರೆ ತನಗೆ ಹೇಳುವ ಕಷ್ಟ ತಪ್ಪುತ್ತದೆ ಎಂಬ ಆಸೆ. ಅವನು ಹ್ಯಾಟಿನ ಅಂಚು ತಿರುಗಿಸುತ್ತ ಕೂತೇ ಇದ್ದ.

“ಸುಮ್ನಿರು” ಎಂದು ಪಕ್ಕದಲ್ಲಿದ್ದ ದೆಲ್ಮಿ ಅವಳ ಸೊಂಟ ತಿವಿದಳು. “ದುಡ್ಡಿರೋ ಮುದುಕ, ಎರಡು ಮಾತು ತಡ್ಕೋತಾನೆ. ಮಣ್ಣಾಗೋವರೆಗೂ ಬಾಯಿ ಬಿಡಬೇಡ.”

* * *

ಆ ಬುಧವಾರ ಒಬ್ಬಳು ಮಾರಿದರೆ ಸಾಕು, ಉಳಿದವರು ಮನೆಗೆ ಹೋಗಬಹುದು, ವರ್ಷಕ್ಕೊಬ್ಬಳ ಸರದಿ. ದೊನ್ ಕ್ರಿಸ್ಪಿನ್ ಮಾಡಿದ ಏರ್ಪಾಡು ಇಷ್ಟೇ. ಈ ವರ್ಷ, ಹೋದ ತಿಂಗಳು, ನಿನ್ಫಾಳ ಸರದಿಯಾಗಿತ್ತು.

“ಅಕ್ಕಾ, ನಮ್ಮಣ್ಣ ಬ್ಯೂನಸ್ ಐರಿಸ್‌ನಿಂದ ಬರ್ತಿದಾನೆ” ಎಂದು ಅವಳು ಎಲಾದಿಯಾಳ ಮುಂದೆ ನಿಂತಿದ್ದಳು. ಅದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ. ಹೋದ ವರ್ಷ ದೆಲ್ಮಿಯ ಮಗುವಿಗೆ ಜ್ವರ, ಅದರ ಹಿಂದಿನ ವರ್ಷ ಇನ್ನೊಬ್ಬಳ ಅತ್ತೆ. ಪ್ರತಿ ಸರದಿಗೂ ಒಂದು ನೆಪವಿತ್ತು.

“ಹೋಗೇ, ಹೋಗು. ಅಣ್ಣನಿಗೆ ದೊಡ್ಡದೊಂದು ಮೊಸಳೆ ಮಾಡಿಕೊಡು.”

ಗಲ್ಲಾದಲ್ಲಿ ಕೂತಿದ್ದ ಮುದುಕ ಗೊಣಗಿದ. “ಈ ಸಲಾನೂ ನೀನೇನಾ? ನಿಮ್ಮನೆಯವರು ನನ್ನ ಬೈತಾರೆ.”

“ಬೈಲಿ ಬಿಡಿ ದೊನ್, ಬೈಸ್ಕೊಂಡು ನಿಮಗೆ ಅಭ್ಯಾಸ ಇದೆ. ನೀವು ರಜ ಕೊಡಲ್ಲ ಅಂತಾನೇ ನಾನು ಮನೇಲಿ ಹೇಳಿರೋದು. ಇವರ ಹೆಸರು ಹೇಳಿದ್ರೆ ಸುನಿಲ್ದಾ ಬಂದು ಇವರ ಜಡೆ ಕೀಳ್ತಾಳೆ. ನೀವೂ ಬಾಯಿ ಬಿಡಬೇಡಿ.”

ಎಲ್ಲರೂ ನಕ್ಕರು. ನಿನ್ಫಾಳೂ ನಕ್ಕಳು. ಹಿಂದಿನ ರಾತ್ರಿಯೇ ಅಣ್ಣ ಫೋನು ಮಾಡಿ, ಈ ಸಲ ಬರಲಾಗದು ಎಂದಿದ್ದ.

* * *

ಪ್ರಾರ್ಥನೆ ಹೇಳಿಸುವ ಮುದುಕಿ ಜಪಸರ ಮುಗಿಸುವ ಹೊತ್ತಿಗೆ ಸುನಿಲ್ದಾ ಮಾವಿನ ಮರದ ಕೆಳಗೆ ಬಂದು ನಿನ್ಫಾಳ ಭುಜಕ್ಕೆ ಹಣೆ ಒತ್ತಿದಳು. ಅತ್ತು ಅತ್ತು ಅವಳ ಮುಖ ಊದಿಕೊಂಡಿತ್ತು.

“ಚಿಕ್ಕಮ್ಮಾ, ಆ ಅಂಗಡೀಲಿ ಅಮ್ಮನಿಗೆ ಅಂತ ಇದ್ದಿದ್ದು ನೀವುಗಳೇ. ದಾಯಾದಿಗಳು ಬೇಡ, ಪೆಟ್ಟಿಗೆ ನೀವೇ ಹೊರ್ಬೇಕು.”

ನಿನ್ಫಾ ಕೈಯಲ್ಲಿದ್ದ ಕಾಫಿ ಲೋಟವನ್ನು ಎಲ್ಲಿಡುವುದು ಎಂದು ಸುತ್ತ ನೋಡಿದಳು. ದೆಲ್ಮಿ ಹಿಂದಿನಿಂದ ಅವಳ ಏಪ್ರನ್ ಜಗ್ಗುತ್ತಿದ್ದಳು.

“ದೊನ್ ಅಲ್ಲ ಕಣೇ” ಎಂದಳು ನಿನ್ಫಾ. “ನಾವು.”

“ಏನು ನೀವು?”

“ಆ ಬುಧವಾರ. ಸರದಿ ನಮ್ದು. ಪ್ರತಿ ವರ್ಷ ನಮ್ಮಲ್ಲಿ ಒಬ್ಬಳದು. ನಾವು ಕೇಳ್ತಿದ್ವಿ, ಅಕ್ಕ ಹೂಂ ಅಂತಿದ್ಳು. ನಮ್ಮನ್ನ ಉಳಿಸೋಕೆ ನಿಮ್ಮ ಹತ್ರ ದೊನ್ ಮೇಲೆ ಹಾಕಿದ್ಳು. ಈ ಸಲ ನನ್ನ ಸರದಿ. ಅಣ್ಣ ಬರ್ತಾನೆ ಅಂದಿದ್ದೆ.”

ಸುನಿಲ್ದಾ ಭುಜದಿಂದ ತಲೆ ಎತ್ತಿದಳು. “ಬಂದಿದ್ನಾ?”

“ಇಲ್ಲ.”

“ಮತ್ತೆ ಏನು ಮಾಡಿದ್ರಿ ಆವತ್ತು?”

“ಮರಕ್ಕೆ ಜೋಲಿ ಕಟ್ಕೊಂಡು ಮಲಗಿದ್ದೆ.”

ಯಾರೋ ಕೆಮ್ಮಿದರು. ಬೈದಿದ್ದರೆ, ಕೆನ್ನೆಗೊಂದು ಬಾರಿಸಿದ್ದರೆ ನಿನ್ಫಾ ತಡೆದುಕೊಳ್ಳುತ್ತಿದ್ದಳು. ಸುನಿಲ್ದಾ ಅವಳನ್ನು ಅಲ್ಲೇ ಬಿಟ್ಟು ಮುದುಕನ ಮುಂದೆ ಹೋಗಿ ನಿಂತಳು.

“ಯಾಕೆ ಹೇಳಲಿಲ್ಲ, ದೊನ್?”

“ನಿಮ್ಮಮ್ಮ ಬೇಡ ಅಂದಿದ್ಳು.” ಅವನು ಮುಖ ಎತ್ತಲಿಲ್ಲ. “ನಾನೇನು ಸಂತ ಅಲ್ಲ ಮಗಳೇ. ಆವತ್ತು ಅಂಗಡಿ ಮುಚ್ಚಬಹುದಿತ್ತು. ಅವಳಿದಾಳಲ್ಲ ಅಂತ ತೆರೀತಿದ್ದೆ.”

ಸುನಿಲ್ದಾ ತಿರುಗಿ ಬಿಳಿ ಏಪ್ರನ್ನುಗಳನ್ನೆಲ್ಲ ಒಂದೊಂದಾಗಿ ನೋಡಿದಳು. “ಆವತ್ತು ಅಮ್ಮ ಏನು ತಿಂತಿದ್ಳು? ಅಷ್ಟಾದ್ರೂ ಹೇಳಿ.”

ಯಾರಿಗೂ ಗೊತ್ತಿರಲಿಲ್ಲ. ಆ ದಿನ ಅವರಲ್ಲಿ ಒಬ್ಬರೂ ಅವಳ ಜೊತೆ ಇರಲಿಲ್ಲವಲ್ಲ. ನಾಚಿಕೆ ಎಂದರೇನು ಎಂದು ನಿನ್ಫಾಗೆ ಗೊತ್ತಾದದ್ದು ಆಗ, ಆ ಸಣ್ಣ ಪ್ರಶ್ನೆಗೆ ಉತ್ತರವಿಲ್ಲದೆ ನಿಂತಾಗ.

ಕೊನೆಗೆ ಪೆಟ್ಟಿಗೆ ಹೊರಲೆಂದು ಬಂದು ಬಾಗಿಲ ಬಳಿ ಕಾಯುತ್ತಿದ್ದ ಡ್ರೈವರ್ ಗೋಯೊ ಬಾಯಿ ಬಿಟ್ಟ. “ಏನೂ ತಿಂತಿರ್ಲಿಲ್ಲ ಕಣಮ್ಮ. ಮಧ್ಯಾಹ್ನದ ಬಸ್ಸು ಈ ಮನೆ ಮುಂದೆ ಬಂದಾಗ, ‘ಗೋಯೊ, ಸ್ವಲ್ಪ ನಿಧಾನ’ ಅನ್ನೋಳು. ಬಸ್ಸಿನ ಬಾಗಿಲಲ್ಲಿ ನಿಂತು, ‘ನೋಡು, ನಮ್ಮೋರು ಒಲೆ ಹಚ್ಚಿದಾರೆ’ ಅಂತ ತೋರ್ಸೋಳು. ಮಕ್ಕಳು ಬೇಲಿಗೆ ಓಡಿ ಬಂದು ಕೈ ಬೀಸ್ತಿದ್ರಲ್ಲ, ಆಗ ನನ್ನ ಸೀಟಿನ ಹಿಂದೆ ಸರ್ಕೊಂಡುಬಿಡೋಳು. ‘ಮಕ್ಕಳು ಕೂಗಿದ್ರೆ ಇಳಿದುಬಿಡ್ತೀನಿ ಗೋಯೊ, ಹೋಗು, ಹೋಗು’ ಅನ್ನೋಳು.”

ಸುನಿಲ್ದಾ ರಸ್ತೆಯ ಕಡೆ ನೋಡಿದಳು. “ನಮ್ಮ ಚಿಪಾ ವಾಸನೆಗೆ ಬಸ್ಸು ನಿಧಾನ ಆಗುತ್ತೆ ಅಂತ ನಗ್ತಿದ್ವಿ” ಎಂದಳು. “ನಾವೇ ನಗ್ತಿದ್ವಿ.”

ಪೆಟ್ಟಿಗೆ ಹೊರಬಂತು. ನಿನ್ಫಾ ಹಿಂದೆ ಸರಿದು ಗುಂಪಿನೊಳಗೆ ಕರಗಲು ನೋಡಿದಳು.

“ಹೊರಿ” ಎಂದಳು ಸುನಿಲ್ದಾ. ಚಿಕ್ಕಮ್ಮ ಎನ್ನಲಿಲ್ಲ. “ಇದನ್ನ ಯಾರಿಗೆ ಬಿಟ್ಟು ಹೋಗ್ತೀರಿ ಮತ್ತೆ?”

ನಿನ್ಫಾ ಭುಜ ಕೊಟ್ಟಳು. ಆಚೆ ಬದಿಗೆ ದೆಲ್ಮಿ, ಅವಳ ಹಿಂದೆ ಗೋಯೊ. ಬೇಲಿ ದಾಟಿ ರಸ್ತೆಯಂಚಿಗೆ ಬರುವಷ್ಟರಲ್ಲಿ ರಾಜಧಾನಿ ಕಡೆಯ ಬಸ್ಸು ಬರುತ್ತಿದೆ ಎಂದು ಯಾರೋ ತಡೆದರು. ಹೆಣ ಹೊತ್ತವರು ನಿಂತರು. ಬಸ್ಸಿನ ಡ್ರೈವರ್ ಬೇರೆ ಯಾರೋ; ನಿಧಾನ ಮಾಡಲಿಲ್ಲ. ತೆರೆದ ಬಾಗಿಲಲ್ಲಿ ಬೇರೆ ಅಂಗಡಿಯ ಒಬ್ಬ ಹುಡುಗಿ ಸೊಂಟದ ಮೇಲೆ ಬುಟ್ಟಿ ಇಟ್ಟುಕೊಂಡು ನಿಂತಿದ್ದಳು.

ಸುನಿಲ್ದಾ ಕೈ ಎತ್ತಿ ಬೀಸಿದಳು. ಮಕ್ಕಳು ಬೀಸುವಂತೆ, ಇಡೀ ತೋಳು ಎತ್ತಿ.

ಹುಡುಗಿಗೆ ಏನೂ ತಿಳಿಯದು. ಪರಿಚಯದವರಿರಬೇಕು ಎಂದುಕೊಂಡು ನಕ್ಕು, ತಾನೂ ಕೈ ಬೀಸಿದಳು. ಪೆಟ್ಟಿಗೆಯ ಕೆಳಗಿದ್ದ ನಿನ್ಫಾ ತಲೆ ತಗ್ಗಿಸಿ, ಬಸ್ಸಿನ ಸದ್ದು ಅಡಗುವವರೆಗೂ ತನ್ನ ಕಾಲ ಕೆಳಗಿನ ಕೆಂಪು ಮಣ್ಣನ್ನೇ ನೋಡುತ್ತಿದ್ದಳು.