ಫೋನಿನೊಳಗಿನ ನರಿ

ಮಗಳಿಗೆ ಆರು ವರ್ಷವಿದ್ದಾಗ ನಮ್ಮನೆಯವರು ಅವಳಿಗೊಂದು ಮಾತು ಕೊಟ್ಟಿದ್ದರು: ಟೀವಿ ಆಟದಲ್ಲಿ ಇನ್ನು ಯಾವತ್ತೂ ಬೇಕಂತ ಸೋಲುವುದಿಲ್ಲ. ಅವತ್ತು ಸೋತುಕೊಟ್ಟು ಸಿಕ್ಕಿಬಿದ್ದಿದ್ದರು. ಇವಳು ಮುಖ ಊದಿಸಿಕೊಂಡು ಊಟ ಬಿಟ್ಟಾಗ ಬೇರೆ ದಾರಿಯಿರಲಿಲ್ಲ. ಆಮೇಲಿಂದ ಅವಳನ್ನು ತಕರಾರಮ್ಮ ಅಂತಲೇ ಕರೆದರು, ಕೊನೆಯವರೆಗೂ ಬೇಕಂತ ಸೋಲಲಿಲ್ಲ.

ಅವರದ್ದೊಂದು ನರಿ ಇತ್ತು. ಅಂಗೈಯಲ್ಲಿ ಹಿಡಿಸುವ ಪ್ಲಾಸ್ಟಿಕ್ ಗೊಂಬೆ, ಪಾದದಡಿ ಚಿಪ್. ಆಟದ ರಿಮೋಟಿಗೆ ಮುಟ್ಟಿಸಿದರೆ ನರಿ ಟೀವಿಯೊಳಗೆ ಬಂದು ತಾನೇ ಕಾದಾಡುತ್ತದೆ. ಯಜಮಾನ ಹೇಗೆ ಆಡುತ್ತಾನೋ ಅದನ್ನು ನೋಡಿ ಕಲಿಯುತ್ತದೆ. ಅವರು ತೀರಿಕೊಂಡ ಮೇಲೂ ಅದು ಅವರ ಹಾಗೇ ಆಡುತ್ತಿತ್ತು. ಹೊಡೆಯುವ ಮುಂಚೆ ಎರಡು ಸಲ ಕುಪ್ಪಳಿಸುವುದು, ಗೆದ್ದಮೇಲೆ ಬೆನ್ನು ತಿರುಗಿಸಿ ನಿಲ್ಲುವುದು.

ಮಗಳು ಸ್ಕೂಲು ಬಿಟ್ಟು ಅದರೆದುರೇ ಕೂತಳು. ಅಪ್ಪನನ್ನು ಒಂದು ಸಲ ಗೆದ್ದಮೇಲೇ ಸ್ಕೂಲಿಗೆ ಹೋಗ್ತೀನಿ ಅಂದಳು. ಬೈದೆ, ಗೋಗರೆದೆ, ಕೇಳಲಿಲ್ಲ. ಇನ್ನೂ ಬರದಿದ್ದರೆ ಹೆಸರು ತೆಗೆಯಬೇಕಾಗುತ್ತದೆ ಎಂದು ಹೆಡ್ ಮಿಸ್ ನನ್ನನ್ನು ಕರೆಸಿ ಹೇಳಿದರು.

ನನ್ನದು ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ. ದಿಂಬಿನ ಕವರು ಕೈಗೆ ಸಿಕ್ಕರೆ ಎಳೆದು ಬಿಸಿನೀರಿಗೆ ಎಸೆಯುವುದೇ, ಒಳಗೇನಿದೆ ಎಂದು ನೋಡುವ ರೂಢಿಯಿಲ್ಲ. ಒಂದು ಭಾನುವಾರ ಮನೆಯಲ್ಲೂ ಹಾಗೇ ಮಾಡಿದೆ. ಮಗಳ ದಿಂಬಿನ ಕವರಿನೊಳಗೆ ನರಿ ಇತ್ತು.

ಬಣ್ಣ ಹೋಗಲಿಲ್ಲ, ಚಿಪ್ ಮಾತ್ರ ಒಮ್ಮೆ ಹತ್ತಿದರೆ ನಾಲ್ಕು ಸಲ ಹತ್ತುತ್ತಿರಲಿಲ್ಲ. ಪೂರ್ತಿ ಸಾಯುವ ಮುಂಚೆ ನನ್ನ ತಮ್ಮ ಬಂದು ಅದನ್ನು ನನ್ನ ಫೋನಿಗೆ ಇಳಿಸಿಕೊಟ್ಟ. ಗೊಂಬೆಯ ಬದಲು ಫೋನನ್ನೇ ರಿಮೋಟಿಗೆ ಮುಟ್ಟಿಸಿದರಾಯಿತು, ಆಟಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. "ಇನ್ಮೇಲೆ ಭಾವನ್ನ ಚೀಲದಲ್ಲೇ ಇಟ್ಕೊಂಡು ಓಡಾಡಕ್ಕ" ಅಂದವನು ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ.

ಫೋನಿನ ನರಿಯೂ ಎರಡು ಸಲ ಕುಪ್ಪಳಿಸಿತು, ಗೆದ್ದಿತು. ಆದರೆ ಬೆನ್ನು ತಿರುಗಿಸಲಿಲ್ಲ. ಎಡಕ್ಕೆ, ನನ್ನ ಇಸ್ತ್ರಿ ಮೇಜಿನ ಕಡೆ ಮುಖ ಮಾಡಿ ನಿಂತಿತು. ಅವರಿದ್ದಾಗ ಆ ಮೇಜು ಅಡುಗೆಮನೆಯಲ್ಲಿತ್ತು. ನನಗೆ ಸರಿಹೋಗದೆ ಮೇಜನ್ನು ಬಲಗಡೆ ಕಿಟಕಿಯ ಹತ್ತಿರ ಎಳೆದೆ. ಮಾರನೆಯ ದಿನ ನರಿ ಕಿಟಕಿಯ ಕಡೆ ತಿರುಗಿತು.

"ಅಮ್ಮ, ನಿನ್ನೇ ನೋಡ್ತಿದೆ" ಅಂದಳು ಮಗಳು, ಲೈಟು ಆರಿಸಮ್ಮ ಅನ್ನುವಷ್ಟು ಸಲೀಸಾಗಿ.

ತಮ್ಮನನ್ನು ಕರೆದು ತೋರಿಸಿದೆ. ಗೊಂಬೆಯಲ್ಲಿ ಇದ್ದದ್ದಷ್ಟೇ ಫೋನಿಗೆ ಬಂದಿರುತ್ತದೆ, ಹೊಸದಾಗಿ ಏನೂ ಬರಲ್ಲ ಅಂದ. ಆದರೆ ಫೋನನ್ನು ಕೈಗೆ ತೆಗೆದುಕೊಳ್ಳಲಿಲ್ಲ. ನಿಂತೇ ಟೀ ಕುಡಿದು ಹೊರಟುಹೋದ.

ಮರುದಿನ ಮಧ್ಯಾಹ್ನ, ಕೆಲಸದ ನಡುವೆ, ಮಡಿಸಿಟ್ಟ ಬೆಡ್‌ಶೀಟುಗಳ ಹಿಂದೆ ಹೋಗಿ ಫೋನು ತೆಗೆದೆ. ನರಿಯ ಚಿತ್ರ ಸುಮ್ಮನೆ ಇತ್ತು. ಹುಚ್ಚು ಅನ್ನಿಸಿದರೂ ಹೇಳಿಬಿಟ್ಟೆ.

"ಒಂದು ಸಲ ಸೋತುಬಿಡ್ರೀ. ಹುಡುಗಿ ಹಾಳಾಗ್ತಿದಾಳೆ."

ಉತ್ತರ ಬರಲು ಅದೇನು ಮನುಷ್ಯನೇ. ಫೋನು ಮಾತ್ರ ಸಂಜೆಯವರೆಗೂ ಜೇಬಿನಲ್ಲಿ ಬಿಸಿಯಾಗಿತ್ತು, ಈಗಷ್ಟೇ ಕೆಳಗಿಟ್ಟ ಇಸ್ತ್ರಿಪೆಟ್ಟಿಗೆಯ ಹಾಗೆ.

ಅವತ್ತು ಸಂಜೆ ನರಿ ಕುಪ್ಪಳಿಸಲಿಲ್ಲ. ಟೀವಿಯೊಳಗಿನ ಅಂಗಳದ ಅಂಚಿಗೆ ನಡೆದುಹೋಗಿ, ನನ್ನ ಕಡೆ ಮುಖ ಮಾಡಿ, ಕೈ ಕೆಳಗೆ ಬಿಟ್ಟು ನಿಂತಿತು. ಮಗಳು ಕಾದಳು. "ಆಡು ಅಪ್ಪ" ಅಂದಳು ಮೆಲ್ಲಗೆ. ನರಿ ಅಲುಗಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಏಟು ಕೊಟ್ಟಳು. ಬಿದ್ದುಹೋಯಿತು. ಟೀವಿ ಅವಳು ಗೆದ್ದಳೆಂದು ಬಣ್ಣ ಚೆಲ್ಲಿತು. ಅವಳು ನನ್ನ ಕಡೆ ತಿರುಗಿದಳು.

"ನೀನೇನಾದ್ರೂ ಹೇಳಿದ್ಯಾ?"

"ಯಾರಿಗೆ?" ಅಂದೆ, ಇಸ್ತ್ರಿ ಮಾಡುತ್ತಿದ್ದ ಕಾಲರಿನ ಮೇಲಿಂದ ಕಣ್ಣೆತ್ತದೆ.

ಅವಳು ಫೋನನ್ನು ಮತ್ತೆ ರಿಮೋಟಿಗೆ ಮುಟ್ಟಿಸಿದಳು. ಏನೂ ಬರಲಿಲ್ಲ. ಫೋನಿನಲ್ಲಿ ನರಿ ಇದ್ದ ಜಾಗ ಖಾಲಿಯಾಗಿತ್ತು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ, ನಾನು ಇಸ್ತ್ರಿ ಮಾಡಿದ ಯೂನಿಫಾರ್ಮು ತೆಗೆದುಕೊಂಡು ಹೋಗಿ ಕುರ್ಚಿಯ ಮೇಲೆ ಹಾಕಿದಳು.

ಬೆಳಿಗ್ಗೆ ಸ್ಕೂಲಿಗೆ ಹೋದಳು. ಅವರು ಅವಳಿಗೆ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ.